ಬಂಡೆಗುಂಡಿಯಲ್ಲಿ ನೀಲಿ ಉಂಗುರದ ಆಕ್ಟೋಪಸ್ ಎದುರಾದಾಗ

ಸಮುದ್ರದ ನೀರು ಇಳಿದ ಮೇಲೆ ಬಂಡೆಗಳ ನಡುವೆ ಉಳಿಯುವ ಗುಂಡಿಗಳಲ್ಲಿ ಈ ಪ್ರಾಣಿ ಇದೆಯೇ ಎಂದು ನೋಡುವವರು ಸಾಮಾನ್ಯವಾಗಿ ನೀಲಿ ಬಣ್ಣವನ್ನೇ ಅರಸುತ್ತಾರೆ. ಆದರೆ ನೆಮ್ಮದಿಯಾಗಿರುವಾಗ ಅದು ಹಳದಿ ಬೆರೆತ ಕಂದು ಬಣ್ಣದಲ್ಲಿ ಬಂಡೆಗೂ ಪಾಚಿಗೂ ಹೊಂದಿಕೊಂಡಿರುತ್ತದೆ, ಉಂಗುರಗಳು ಕಂಡೂ ಕಾಣದಷ್ಟು ಮಸುಕಾಗಿರುತ್ತವೆ. ಹೊಳೆಯುವ ಚರ್ಮವು ಸಣ್ಣ ಮಡಿಕೆಗಳೊಳಗೆ ಅಡಗಿರುತ್ತದೆ. ಪ್ರಾಣಿ ಬೆದರಿದಾಗ ಸ್ನಾಯುಗಳು ಆ ಮಡಿಕೆಗಳನ್ನು ತೆರೆದು, ಒಂದು ಸೆಕೆಂಡಿಗಿಂತಲೂ ಕಡಿಮೆ ಅವಧಿಯಲ್ಲಿ ಕಡುನೀಲಿ ಉಂಗುರಗಳನ್ನು ಹೊರಗೆಡಹುತ್ತವೆ. ಆದ್ದರಿಂದ ನೀಲಿ ಕಂಡಿತೆಂದರೆ ನೀವು ಆಗಲೇ ತೀರಾ ಹತ್ತಿರ ಹೋಗಿದ್ದೀರಿ ಎಂದೇ ತಿಳಿಯಬೇಕು. ನೀಲಿ ಕಾಣಲಿಲ್ಲ ಎಂಬ ಧೈರ್ಯದಿಂದ ಗುಂಡಿಗೆ ಕೈ ಹಾಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಹಾಪಲೋಕ್ಲೀನಾ ಕುಲಕ್ಕೆ ಸೇರಿದ ಈ ಆಕ್ಟೋಪಸ್‌ಗಳು ಜಪಾನಿನಿಂದ ಆಸ್ಟ್ರೇಲಿಯಾದವರೆಗೆ, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ತೀರಗಳಲ್ಲಿ ಬದುಕುತ್ತವೆ. ತೋಳುಗಳೂ ಸೇರಿ ಉದ್ದ ಸುಮಾರು 12ರಿಂದ 20 ಸೆಂಟಿಮೀಟರ್ ಅಷ್ಟೇ. ಮುದುಡಿ ಕುಳಿತರೆ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು. ಸಿಡ್ನಿಯ ಸುತ್ತಮುತ್ತ ಕಾಣುವ ಪ್ರಭೇದದ ಮೈಮೇಲೆ ಉಂಗುರಗಳ ಬದಲು ನೀಲಿ ಗೆರೆಗಳಿದ್ದು, ಉಂಗುರಗಳು ತೋಳುಗಳ ಮೇಲೆ ಮಾತ್ರ ಇರುತ್ತವೆ. ಹೀಗಾಗಿ ಚಿತ್ರದಲ್ಲಿ ನೋಡಿದಂತಹ ಉಂಗುರಗಳಿಲ್ಲ ಎಂಬ ಒಂದೇ ಕಾರಣಕ್ಕೆ ಇದು ಬೇರೆ ಪ್ರಾಣಿ ಎಂದು ತೀರ್ಮಾನಿಸಬಾರದು.

ಹಗಲಿನಲ್ಲಿ ಅದು ಕಲ್ಲಿನ ಅಡಿ, ಬಿರುಕು, ಖಾಲಿ ಶಂಖ, ಸಮುದ್ರಕ್ಕೆ ಯಾರೋ ಎಸೆದ ಬಾಟಲಿ ಅಥವಾ ಡಬ್ಬಿಯೊಳಗೆ ಅಡಗಿರುತ್ತದೆ. ಶಂಖದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು, ಏಕೆಂದರೆ ಮಕ್ಕಳು ಮೊದಲು ಎತ್ತಿಕೊಳ್ಳುವುದೇ ಅದನ್ನು. ಅಲುಗಾಡಿಸಿ, ಏನೂ ಬೀಳಲಿಲ್ಲವೆಂದು ಜೇಬಿಗೆ ಹಾಕಿಕೊಳ್ಳುವುದು ಸಾಲದು. ಮೂಳೆಯಿಲ್ಲದ ಈ ಪ್ರಾಣಿ ಒಳಸುರುಳಿಯಲ್ಲಿ ಗಟ್ಟಿಯಾಗಿ ಅಂಟಿಕೊಂಡು ಕೂರಬಲ್ಲದು. ಬಂಡೆಗುಂಡಿಯ ಶಂಖವನ್ನು ಅಲ್ಲಿಯೇ ಬಿಡುವುದು ಉತ್ತಮ. ಗಟ್ಟಿ ತಳದ ಪಾದರಕ್ಷೆ ಧರಿಸಿ, ಬಿರುಕುಗಳಿಗೆ ಬೆರಳು ತೂರಿಸಬೇಡಿ, ಕಲ್ಲುಗಳನ್ನು ಮಗುಚಬೇಡಿ. ಕಲ್ಲಿನಡಿಯಲ್ಲಿ ತನ್ನ ಮೊಟ್ಟೆಗಳನ್ನು ತೋಳುಗಳಲ್ಲಿ ಅವುಚಿಕೊಂಡ ತಾಯಿಯೂ ಇರಬಹುದು, ಅದನ್ನು ಕಾಪಾಡುವುದೂ ನಮ್ಮ ಹೊಣೆಯೇ.

ನೋಡುವ ಆಸೆ ತಪ್ಪಲ್ಲ, ನಿಜಕ್ಕೂ ನೋಡಬೇಕಾದ ಜೀವಿಯೇ ಅದು. ಗುಂಡಿಯ ಅಂಚಿನಿಂದ ತುಸು ಹಿಂದೆ ನಿಂತು, ನೀರಿನ ಮೇಲಿನ ಪ್ರತಿಫಲನ ತಗ್ಗುವಂತೆ ನೆರಳು ಬೀಳಿಸಿಕೊಂಡು, ಕೆಲಹೊತ್ತು ಅಲ್ಲಾಡದೆ ಕಾದರೆ, ಏಡಿಯನ್ನು ಅರಸುತ್ತ ಅದು ತಾನಾಗಿಯೇ ಹೊರಬರಬಹುದು. ಆಗ ಫೋಟೋ ತೆಗೆಯಿರಿ, ಆದರೆ ಬಣ್ಣ ಬರಲೆಂದು ಕಡ್ಡಿಯಿಂದ ತಿವಿಯಬೇಡಿ. ಉಂಗುರಗಳು ಮಿನುಗತೊಡಗಿದರೆ ನಿಧಾನವಾಗಿ ಹಿಂದೆ ಸರಿಯಿರಿ. ಅದು ಮನುಷ್ಯರನ್ನು ಬೆನ್ನಟ್ಟುವುದಿಲ್ಲ. ಕಚ್ಚುವುದು ಎತ್ತಿದಾಗ, ಕೆಣಕಿದಾಗ ಅಥವಾ ತುಳಿದಾಗ. 1954ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ಬಳಿ ಒಬ್ಬ ಯುವಕ ಪುಟ್ಟ ಆಕ್ಟೋಪಸನ್ನು ಹೆಗಲ ಮೇಲೆ ಹರಿಯಬಿಟ್ಟುಕೊಂಡಿದ್ದಾಗ ಅದು ಕುತ್ತಿಗೆಯ ಹತ್ತಿರ ಕಚ್ಚಿ, ಆತ ಅಂದೇ ಮೃತಪಟ್ಟ.

ಕಡಿತ ಎಷ್ಟು ಸಣ್ಣದೆಂದರೆ ನೋವೇ ಆಗದಿರಬಹುದು, ಒಂದು ಚುಕ್ಕೆಯಷ್ಟು ರಕ್ತ ಮಾತ್ರ ಕಾಣಬಹುದು. ಆದ್ದರಿಂದ ಪ್ರಾಣಿಯನ್ನು ಮುಟ್ಟಿದವರಿಗೆ ಏನೂ ಅನ್ನಿಸದಿದ್ದರೂ ಕಡಿತವಾಗಿದೆ ಎಂದೇ ಭಾವಿಸಿ, ಕೂಡಲೇ ತುರ್ತು ಸೇವೆಗೆ ಕರೆ ಮಾಡಿ. ಆಸ್ಟ್ರೇಲಿಯಾದಲ್ಲಿ ಆ ಸಂಖ್ಯೆ 000. ಜೊಲ್ಲಿನಲ್ಲಿರುವ ಟೆಟ್ರೊಡೊಟಾಕ್ಸಿನ್ ಎಂಬ ವಿಷ ನರಗಳ ಸೋಡಿಯಂ ದ್ವಾರಗಳನ್ನು ಮುಚ್ಚಿಬಿಡುವುದರಿಂದ ಸ್ನಾಯುಗಳಿಗೆ ಆಜ್ಞೆಯೇ ತಲುಪುವುದಿಲ್ಲ. ಕೆಲವೇ ನಿಮಿಷಗಳಲ್ಲಿ ತುಟಿ, ನಾಲಿಗೆ ಮರಗಟ್ಟಿ, ಕಣ್ಣು ಮಂಜಾಗಿ, ಮಾತು ತೊದಲಿ, ನುಂಗಲಾಗದೆ, ಕೊನೆಗೆ ಉಸಿರಾಟದ ಸ್ನಾಯುಗಳೂ ಸೋಲಬಹುದು. ಇದಕ್ಕೆ ಪ್ರತಿವಿಷವಿಲ್ಲ.

ಕಚ್ಚಿಸಿಕೊಂಡವರನ್ನು ನೀರಿನಿಂದ ದೂರ ಕರೆತಂದು ಮಲಗಿಸಿ, ನಡೆಯಲು ಬಿಡಬೇಡಿ. ಕೈಕಾಲಿಗೆ ಕಡಿತವಾಗಿದ್ದರೆ ಅಗಲವಾದ ಎಲಾಸ್ಟಿಕ್ ಬ್ಯಾಂಡೇಜನ್ನು ಗಾಯದ ಮೇಲೆ ಬಿಗಿಯಾಗಿ ಸುತ್ತಿ, ಮತ್ತೊಂದನ್ನು ಬೆರಳುಗಳ ಕಡೆಯಿಂದ ಮೇಲಕ್ಕೆ ಇಡೀ ಅಂಗಕ್ಕೆ ಸುತ್ತಿ, ಕೋಲು ಕಟ್ಟಿ ಅಲುಗಾಡದಂತೆ ಮಾಡಿ. ರಕ್ತಸಂಚಾರ ನಿಲ್ಲುವಷ್ಟು ಬಿಗಿ ಬೇಡ. ಗಾಯವನ್ನು ಕೊಯ್ಯುವುದು, ಚೀಪುವುದು, ಹಗ್ಗ ಕಟ್ಟುವುದು ಯಾವುದೂ ಕೂಡದು. ವಾಂತಿ ಬರುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ.

ಉಸಿರು ಕ್ಷೀಣಿಸಿ ನಿಲ್ಲತೊಡಗಿದರೆ ಬಾಯಿಯಿಂದ ಬಾಯಿಗೆ ಉಸಿರು ಕೊಡಲೇಬೇಕು. ಪ್ರತಿಕ್ರಿಯೆಯೂ ಉಸಿರಾಟವೂ ಇಲ್ಲದಿದ್ದರೆ 30 ಸಲ ಎದೆ ಒತ್ತಿ 2 ಸಲ ಉಸಿರು ಕೊಡುವ ಕ್ರಮವನ್ನು ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ. ಇಲ್ಲಿ ಮೊದಲು ಸೋಲುವುದು ಉಸಿರಾದ್ದರಿಂದ ಎದೆ ಒತ್ತುವುದೊಂದೇ ಸಾಲದು. ಅವರ ಕಣ್ಣಪಾಪೆಗಳು ಹಿಗ್ಗಿ ಬೆಳಕಿಗೆ ಸ್ಪಂದಿಸದೆ ಇರಬಹುದು, ರೆಪ್ಪೆಯೂ ಅಲುಗದಿರಬಹುದು, ಅದನ್ನು ಕಂಡು ಸತ್ತರೆಂದು ಕೈಚೆಲ್ಲಬೇಡಿ. ಮೈ ಪೂರ್ತಿ ನಿಶ್ಚಲವಾಗಿದ್ದರೂ ಪ್ರಜ್ಞೆ ಇದ್ದೇ ಇರಬಹುದು, ನಿಮ್ಮ ಮಾತೆಲ್ಲ ಅವರಿಗೆ ಕೇಳಿಸುತ್ತಿರಬಹುದು. ಏನು ಮಾಡುತ್ತಿದ್ದೀರಿ, ಸಹಾಯ ಬರುತ್ತಿದೆ ಎಂಬುದನ್ನು ಅವರಿಗೆ ಹೇಳುತ್ತಲೇ ಇರಿ.

ಆಸ್ಪತ್ರೆಯಲ್ಲಿ ವೆಂಟಿಲೇಟರ್ ಉಸಿರಾಟವನ್ನು ವಹಿಸಿಕೊಂಡರೆ, ಸಾಮಾನ್ಯವಾಗಿ ಒಂದು ದಿನದೊಳಗೆ ವಿಷದ ಹಿಡಿತ ಸಡಿಲಗೊಂಡು ಸ್ನಾಯುಗಳು ಮರಳಿ ಕೆಲಸ ಮಾಡತೊಡಗುತ್ತವೆ. ಬ್ಯಾಂಡೇಜನ್ನು ವೈದ್ಯರೇ ಬಿಚ್ಚಲಿ. ಕಚ್ಚಿದ ಸಮಯ, ಜಾಗ ಮತ್ತು ಮೊದಲು ಕಂಡ ಲಕ್ಷಣವನ್ನು ಅವರಿಗೆ ತಿಳಿಸಿ; ಗುರುತಿಗಾಗಿ ಆಕ್ಟೋಪಸನ್ನು ಹಿಡಿದು ಒಯ್ಯುವ ಅಗತ್ಯವಿಲ್ಲ.