ಎರಡು ಗುರಾಣಿಗಳ ನಾಣ್ಯ

ಲಂಡನ್ನಿನಲ್ಲಿ ಕೆಲಸಕ್ಕಿದ್ದಾಗ ನನ್ನ ಮೊದಲ ದಿನಾರಿಯಸ್ ಕೊಂಡೆ. ರೋಮನ್ನರ ಬೆಳ್ಳಿ ನಾಣ್ಯ, ಕಪ್ಪಗಾಗಿತ್ತು. ಮನೆಯಲ್ಲಿ ಪೂಜೆಯ ಪಾತ್ರೆ ಬೆಳಗುತ್ತಿದ್ದಂತೆ ಹುಣಸೆಹಣ್ಣು, ಪುಡಿ ಹಾಕಿ ಉಜ್ಜಿದೆ. ಕಪ್ಪಿನೊಂದಿಗೆ ಚಕ್ರವರ್ತಿಯ ಕೂದಲಿನ ಎಳೆಗಳೂ ಹೋದವು. ಎರಡು ಸಾವಿರ ವರ್ಷ ಉಳಿದು ಬಂದದ್ದನ್ನು ಹತ್ತು ನಿಮಿಷದಲ್ಲಿ ಕೆಡಿಸಿದ ಸಂಕಟ ಇನ್ನೂ ಆರಿಲ್ಲ.

ಎರಡನೆಯದನ್ನು ಉಜ್ಜಲಿಲ್ಲ, ಓದಿದೆ. ಮೊದಲು ತೂಕ: ಅಷ್ಟು ಸವೆದಿದ್ದರೂ 3.7 ಗ್ರಾಂ. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ದಿನಾರಿಯಸ್ಸಿನ ತೂಕ ಇಳಿಸಿದ. ಅಲ್ಲಿಯವರೆಗೆ ಒಂದು ರೋಮನ್ ಪೌಂಡ್ ಬೆಳ್ಳಿಗೆ 84 ನಾಣ್ಯ, ಆಮೇಲೆ 96, ಅಂದರೆ ತಲಾ ಸುಮಾರು 3.4 ಗ್ರಾಂ. ಹಾಗಾದರೆ ಇದು ಬಹುಶಃ ಅವನಿಗಿಂತ ಹಳೆಯದು.

ಕೋಣೆಯ ದೀಪ ಆರಿಸಿ, ಟೇಬಲ್ ಲ್ಯಾಂಪನ್ನು ಮೇಜಿನ ಮಟ್ಟಕ್ಕೆ ಬಗ್ಗಿಸಿ, ಕಪ್ಪು ಬಟ್ಟೆಯ ಮೇಲಿಟ್ಟ ನಾಣ್ಯವನ್ನು ಸ್ವಲ್ಪಸ್ವಲ್ಪವೇ ತಿರುಗಿಸಿದೆ. ಓರೆಬೆಳಕಿಗೆ ಸವೆದ ಗೆರೆಯೂ ನೆರಳು ಚೆಲ್ಲುತ್ತದೆ. ಹಿಂಬದಿಯಲ್ಲಿ ಎರಡು ದುಂಡು ಆಕಾರಗಳಿದ್ದವು, ಗಾಡಿಯ ಚಕ್ರಗಳೆಂದುಕೊಂಡೆ. ಮೂರನೆಯ ಸಂಜೆ ಅವುಗಳ ಪಕ್ಕದಲ್ಲಿ ಪಾದಗಳು ಕಂಡವು, ಮೇಲೆ ತಲೆಗಳು. ಟೋಗಾ ಎಂಬ ರೋಮನ್ ನಿಲುವಸ್ತ್ರ ತೊಟ್ಟ ಇಬ್ಬರು ಯುವಕರು, ನಡುವೆ ಒರಗಿಸಿದ ಗುರಾಣಿಗಳು, ಈಟಿಗಳು. ಮೇಲೆ ಅರ್ಚಕನ ಸೌಟು, ಶಕುನಗಾರನ ಬಾಗಿದ ಕೋಲು. ಆ ಸಂಜೆಯ ಖುಷಿಗೆ ನಿದ್ದೆ ಬರಲಿಲ್ಲ!

ಅವರು ಗಾಯಸ್ ಮತ್ತು ಲೂಸಿಯಸ್. ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್‌ನ ಮಗಳ ಮಕ್ಕಳು, ಅವನೇ ದತ್ತು ತೆಗೆದುಕೊಂಡವರು. ಮುಂಬದಿಯ ಅಂಚಿನಲ್ಲಿ ಉಳಿದಿದ್ದ ಅಕ್ಷರಗಳನ್ನು ಕೂಡಿಸಿದಾಗ ‘ಪಾಟರ್ ಪಾಟ್ರಿಯೇ’, ಅಂದರೆ ರಾಷ್ಟ್ರಪಿತ, ಎಂದಾಯಿತು. ಆಗಸ್ಟಸ್‌ಗೆ ಆ ಬಿರುದು ಸಂದದ್ದು ಕ್ರಿ.ಪೂ. 2ರಲ್ಲಿ, ನಾಣ್ಯ ಅದಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಇಂದಿನ ಫ್ರಾನ್ಸಿನ ಲಿಯೋನ್‌ನ ಟಂಕಸಾಲೆಯಲ್ಲಿ ಅಚ್ಚಾದದ್ದು.

ನನ್ನ ನಂತರ ಇವರೇ ಎಂದು ಸಾಮ್ರಾಜ್ಯದ ಉದ್ದಗಲಕ್ಕೂ ಸಾರಲು ಆಗಸ್ಟಸ್ ನೆಚ್ಚಿದ ಸಾಧನಗಳಲ್ಲಿ ಈ ಬೆಳ್ಳಿಯೂ ಒಂದು. ಲೂಸಿಯಸ್ ಕ್ರಿ.ಶ. 2ರಲ್ಲಿ, ಗಾಯಸ್ 4ರಲ್ಲಿ ತೀರಿಕೊಂಡರು. ಪಟ್ಟ ಆಗಸ್ಟಸ್‌ನ ಮಲಮಗ ತಿಬೇರಿಯಸ್‌ಗೆ ಹೋಯಿತು. ನಾಣ್ಯ ಮಾತ್ರ ಕೈಯಿಂದ ಕೈಗೆ ನಡೆಯುತ್ತಲೇ ಇತ್ತು, ಭಾರತದ ರೋಮನ್ ನಿಧಿಗಳಲ್ಲಿಯೂ ಇದೇ ಮಾದರಿ ಮತ್ತೆ ಮತ್ತೆ ಸಿಕ್ಕಿದೆ.

1891ರಲ್ಲಿ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು, ಆಗಸ್ಟಸ್, ತಿಬೇರಿಯಸ್ ಕಾಲದವೂ ಅದರಲ್ಲಿದ್ದವು. ಊರಿಗೆ ಹೋಗಲು ಎಷ್ಟೋ ಸಲ ನಾನು ರೈಲು ಹತ್ತಿದ ಯಶವಂತಪುರ! ನಾಣ್ಯವಿಟ್ಟ ಕಾಗದದ ಲಕೋಟೆಯ ಮೇಲೆ ತೂಕ, ಅಕ್ಷರ, ಟಂಕಸಾಲೆಗಳ ಕೆಳಗೆ ಆ ಹೆಸರನ್ನೂ ಬರೆದಿಟ್ಟಿದ್ದೇನೆ.