ಗುಜರಿ ಕಬ್ಬಿಣ, ಮಾಳಿಗೆ ಮನೆಯ ಮರ, ಹಳೆಯ ಹತ್ಯಾರ: ಮನೆಯಲ್ಲೊಂದು ಸಣ್ಣ ಕಾರ್ಯಾಗಾರ

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಗುಜರಿ ಅಂಗಡಿಗಳಿಗೆ ಬಂದು ಬೀಳುವ ಸರಕಿನಲ್ಲಿ ಈ ಸೀಮೆಯ ದುಡಿಮೆಯ ಗುರುತು ಎದ್ದು ಕಾಣುತ್ತದೆ. ಸಂಡೂರು ಭಾಗದಿಂದ ಅದಿರು ಹೊತ್ತು ಓಡಿದ ಲಾರಿಗಳ ಕಮಾನುಪಟ್ಟಿ (ಗಾಲಿಯ ಮೇಲೆ ಭಾರ ಹೊರುವ ಸ್ಪ್ರಿಂಗ್ ಪಟ್ಟಿ), ಗಂಗಾವತಿ ಮತ್ತು ಸಿಂಧನೂರಿನ ಅಕ್ಕಿ ಗಿರಣಿಗಳ ಸವೆದ ಜರಡಿ ತಗಡು, ಕಲ್ಲು ಪುಡಿಮಾಡುವ ಕ್ರಷರ್‌ಗಳ ದವಡೆ ತುಂಡು, ಮಾಳಿಗೆ ಮನೆ ಕೆಡವಿದಾಗ ಹೊರಬೀಳುವ ತೊಲೆ, ಜಂತಿ, ಬಾಗಿಲು ಇವೆಲ್ಲವೂ ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತವೆ. ಮನೆಯ ಹಿತ್ತಲಲ್ಲಿ ಸಣ್ಣದೊಂದು ಕಾರ್ಯಾಗಾರ ಕಟ್ಟಿಕೊಳ್ಳುವವರಿಗೆ ಇಷ್ಟು ಸರಕು ಧಾರಾಳವಾಯಿತು. ಆದರೆ ಪ್ರತಿ ತುಂಡನ್ನೂ ಕೈಗೆತ್ತಿಕೊಂಡಾಗ, ಇದರಿಂದ ಏನು ಮಾಡಬಹುದು ಎಂದು ಯೋಚಿಸುವ ಮೊದಲು ಇದು ಹಿಂದೆ ಏನು ಕೆಲಸ ಮಾಡುತ್ತಿತ್ತು ಎಂದು ವಿಚಾರಿಸಬೇಕು. ಬಾಗಿ ಮತ್ತೆ ನೆಟ್ಟಗಾಗುತ್ತಿದ್ದ ಕಬ್ಬಿಣ ಉಳಿಯಾಗಬಲ್ಲದು, ಮಂಚದ ಚೌಕಟ್ಟಾಗಿದ್ದ ಆಂಗಲ್ ಮೇಜಿನ ಕಾಲಾಗಬಲ್ಲದು, ಆದರೆ ಇವೆರಡನ್ನೂ ಅದಲುಬದಲು ಮಾಡಿದರೆ ಎರಡು ಕೆಲಸಗಳೂ ಕೆಡುತ್ತವೆ.

ಗುಜರಿಗೆ ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಮತ್ತು ಒಂದು ಸಣ್ಣ ಅರ ಇರಲಿ. ಕೆಟ್ಟ ಧ್ವನಿವರ್ಧಕದ ಹಿಂಭಾಗದಲ್ಲಿರುವ ದುಂಡನೆಯ ಅಯಸ್ಕಾಂತವೇ ಈ ಕೆಲಸಕ್ಕೆ ಸಾಕು. ಅರದಿಂದ ಅಂಚನ್ನು ಉಜ್ಜಿದಾಗ ಅದು ಕಚ್ಚಿ ಪುಡಿ ಉದುರಿಸಿದರೆ ಮೆದು ಕಬ್ಬಿಣ, ಕಚ್ಚದೆ ಜಾರಿದರೆ ಗಡಸು ಮಾಡಿದ ಉಕ್ಕು. ಅಂಗಡಿಯಲ್ಲಿ ಕಬ್ಬಿಣ ಉಜ್ಜುವ ಗ್ರೈಂಡರ್ ಇದ್ದರೆ ಕಿಡಿಯನ್ನೂ ನೋಡಬಹುದು. ಸಾಧಾರಣ ಮೆದು ಕಬ್ಬಿಣದ ಕಿಡಿಗಳು ಉದ್ದವಾಗಿ, ತಿಳಿಹಳದಿ ಗೆರೆಗಳಾಗಿ, ಹೆಚ್ಚು ಕವಲೊಡೆಯದೆ ಹಾರುತ್ತವೆ. ಇಂಗಾಲ ಹೆಚ್ಚಿರುವ ಉಕ್ಕಿನ ಕಿಡಿಗಳು ಗಿಡ್ಡವಾಗಿದ್ದು, ತುದಿಯಲ್ಲಿ ಸುರುಸುರು ಬತ್ತಿಯ ಹಾಗೆ ಒಡೆದು ನಕ್ಷತ್ರವಾಗುತ್ತವೆ. ಬೀಡು ಕಬ್ಬಿಣದ, ಅಂದರೆ ಎರಕದ ಕಬ್ಬಿಣದ, ಕಿಡಿ ಕೆಂಪಗೆ ಮಂಕಾಗಿದ್ದು, ಚಕ್ರದ ಬಳಿಯಲ್ಲೇ ನಂದಿಹೋಗುತ್ತದೆ.

ಕ್ರಷರ್ ದವಡೆಯ ವಿಷಯದಲ್ಲಿ ಹೊಸಬರು ಹೆಚ್ಚಾಗಿ ಮೋಸ ಹೋಗುತ್ತಾರೆ. ತುಂಡು ಭಾರವಾಗಿರುತ್ತದೆ, ದಪ್ಪವಾಗಿರುತ್ತದೆ, ಕಾದ ಕಬ್ಬಿಣವನ್ನು ಇಟ್ಟು ಬಡಿಯುವ ಅಡಿಗಲ್ಲಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ, ಆದರೆ ಅಯಸ್ಕಾಂತ ಅದಕ್ಕೆ ಅಂಟುವುದೇ ಇಲ್ಲ. ಅದು ಶೇ. 11ರಿಂದ 14ರಷ್ಟು ಮ್ಯಾಂಗನೀಸ್ ಬೆರೆತ ಉಕ್ಕು. ಹೊಡೆದಷ್ಟೂ, ಕೊರೆದಷ್ಟೂ ಅದರ ಮೇಲ್ಮೈ ಇನ್ನಷ್ಟು ಗಡಸಾಗುವುದರಿಂದ ಮನೆಯ ಡ್ರಿಲ್ ಬಿಟ್ಟುಗಳು ಅಲ್ಲಿ ಸುಟ್ಟುಹೋಗುತ್ತವೆ. ಅಡಿಗಲ್ಲು ಬೇಕಿದ್ದವರು ಲಾರಿಯ ತುಂಡಾದ ಆಕ್ಸಲ್ ಕೊಂಡು, ಅದರ ಅಗಲವಾದ ತಲೆ ಮೇಲೆ ಬರುವಂತೆ ಜಾಲಿಯ ದಿಮ್ಮಿಯೊಳಗೆ ನೆಟ್ಟಗೆ ಕೂರಿಸುವುದು ಮೇಲು. ಕೆಲವರು ರೈಲು ಹಳಿಯ ತುಂಡಿಗೆ ಆಸೆಪಡುತ್ತಾರೆ. ರೈಲ್ವೆ ಆಸ್ತಿಯನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯ್ದೆಯಂತೆ ಶಿಕ್ಷಾರ್ಹ ಅಪರಾಧವಾದ್ದರಿಂದ, ಅದು ಎಲ್ಲಿಂದ ಬಂತೆಂಬ ಕಾಗದವಿಲ್ಲದೆ ಅಂಥ ತುಂಡನ್ನು ಮುಟ್ಟದಿರುವುದು ಕ್ಷೇಮ.

ಕೊಳ್ಳಲೇಬಾರದ ಸರಕೂ ಕೆಲವಿದೆ. ಹತ್ತಿ, ಮೆಣಸಿನಕಾಯಿ, ಭತ್ತಕ್ಕೆ ಹೊಡೆದ ಕ್ರಿಮಿನಾಶಕದ ಡಬ್ಬಿಗಳನ್ನು ಎಷ್ಟು ತೊಳೆದರೂ ಮನೆಯ ಬಳಕೆಗೆ ತರಬಾರದು. ಎಣ್ಣೆ, ಪೆಟ್ರೋಲು, ರಾಸಾಯನಿಕ ತುಂಬಿದ್ದ ಮುಚ್ಚಿದ ಡ್ರಮ್ಮುಗಳನ್ನು ಗ್ರೈಂಡರ್‌ನಿಂದ ಕತ್ತರಿಸಹೋದರೆ ಒಳಗೆ ಉಳಿದ ಆವಿಗೆ ಕಿಡಿ ತಗಲಿ ಸಿಡಿಯುತ್ತದೆ. ವಾಹನಗಳ ಶಾಕ್ ಅಬ್ಸಾರ್ಬರ್‌ಗೂ ಇದೇ ಮಾತು. ಸತುವಿನ ಲೇಪವಿರುವ ಜಿಐ ಪೈಪನ್ನು ಕೊಂಡರೆ ತಪ್ಪೇನಿಲ್ಲ, ಆದರೆ ಅದನ್ನು ಕುಲುಮೆಗೆ ಹಾಕಬಾರದು, ಲೇಪ ತೆಗೆಯದೆ ಬೆಸುಗೆ ಹಾಕಲೂಬಾರದು. ಸತುವಿನ ಹೊಗೆ ಕುಡಿದವರಿಗೆ ಕೆಲವು ತಾಸುಗಳಲ್ಲಿ ಚಳಿ ಜ್ವರ ಬರುತ್ತದೆ.

ಇನ್ನು ಮರ. ಹಳೆಯ ಮಾಳಿಗೆಯ ಜಂತಿಗಳು ದಶಕಗಳ ಕಾಲ ಒಣಗಿರುವುದರಿಂದ, ಟಿಂಬರ್ ಡಿಪೋದ ಹಸಿ ಹಲಗೆಗಳ ಹಾಗೆ ನಮ್ಮ ಬೇಸಿಗೆಗೆ ಸೊಟ್ಟಗಾಗುವುದಿಲ್ಲ. ಆದರೆ ಮಣ್ಣಿನ ಮಾಳಿಗೆಯ ಜಂತಿಯಲ್ಲಿ ಗೋಡೆಯೊಳಗೆ ಹುದುಗಿದ್ದ ತುದಿಗಳನ್ನು ಮೊದಲು ಪರೀಕ್ಷಿಸಬೇಕು, ಏಕೆಂದರೆ ಗೆದ್ದಲು ಅಲ್ಲಿಂದಲೇ ಶುರುವಾಗಿರುತ್ತದೆ. ಸ್ಕ್ರೂಡ್ರೈವರ್‌ನಿಂದ ಚುಚ್ಚಿದಾಗ ಸಲೀಸಾಗಿ ಒಳಹೋದರೆ ಗಟ್ಟಿ ಮರ ಸಿಗುವವರೆಗೆ ಅಷ್ಟು ಭಾಗವನ್ನು ಕೊಯ್ದು ತೆಗೆಯಬೇಕು. ಬಣ್ಣ ಬಳಿದ ಹಳೆಯ ಬಾಗಿಲು, ಕಿಟಕಿಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಅಂಶ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಬಣ್ಣವನ್ನು ಒಣಗಿದ ಸ್ಥಿತಿಯಲ್ಲಿ ಉಜ್ಜಿ ಧೂಳೆಬ್ಬಿಸದೆ, ನೀರು ಚಿಮುಕಿಸಿ ಕೆರೆದು, ಕೆರೆದದ್ದನ್ನು ಕಾಗದದಲ್ಲಿ ಸುತ್ತಿ ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಬೇಕು. ಕಾರ್ಖಾನೆಗಳಿಗೆ ಯಂತ್ರ ಬಂದಿಳಿದ ಪ್ಯಾಲೆಟ್ ಹಲಗೆಗಳೂ ಉಪಯುಕ್ತವೇ. ಅವುಗಳ ಮೇಲಿನ ಮುದ್ರೆಯಲ್ಲಿ ಎಚ್‌ಟಿ ಎಂದಿದ್ದರೆ ಶಾಖದಿಂದ ಸಂಸ್ಕರಿಸಿದ್ದು, ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು. ಎರಡನೆಯದನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು.

ಮೊದಲ ಕೆಲಸ ಮೇಜು. ಗಟ್ಟಿಯಾದ ಮೇಜಿಲ್ಲದೆ ಉಳಿದ ಯಾವುದೂ ನೆಟ್ಟಗೆ ಆಗುವುದಿಲ್ಲ. ಹಳೆಯ ಕಬ್ಬಿಣದ ಮಂಚದ ಆಂಗಲ್‌ಗಳು ಕಾಲಿಗೆ ಒಳ್ಳೆಯವು, ಬೆಸುಗೆ ಬಾರದವರು ತೂತು ಕೊರೆದು ನಟ್ಟು ಬೋಲ್ಟು ಹಾಕಬಹುದು. ಎತ್ತರಕ್ಕೆ ಅಳತೆ ಪಟ್ಟಿ ಬೇಕಿಲ್ಲ, ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿಗೆ ಬರುತ್ತದೆಯೋ ಅಲ್ಲಿಗೆ ಮೇಜಿನ ಮೇಲ್ಮೈ ಇರಬೇಕು. ಹೆಚ್ಚಿನವರಿಗೆ ಇದು 80ರಿಂದ 85 ಸೆಂಟಿಮೀಟರ್ ಆಗುತ್ತದೆ. ಹಿಂಬದಿಗೂ ಎರಡು ಪಕ್ಕಗಳಿಗೂ ಮೂಲೆಯಿಂದ ಮೂಲೆಗೆ ಓರೆಪಟ್ಟಿ ಹಾಕದಿದ್ದರೆ, ಗರಗಸ ಎಳೆದಾಗಲೆಲ್ಲ ಮೇಜು ತೊಯ್ದಾಡುತ್ತದೆ. ಎರೆ ಭೂಮಿಯ ಊರುಗಳಲ್ಲಿ ಮೇಜಿನ ಕಾಲನ್ನು ಮಣ್ಣಿನ ಮೇಲೆ ಇಡಬಾರದು. ಕಾಲಿನ ಕೆಳಗೆ ಒಂದೊಂದು ಶಾಬಾದ ಕಲ್ಲಿನ ತುಂಡು ಇರಲಿ.

ಮೇಲ್ಮೈಗೆ ಜಂತಿ ಅಥವಾ ಬಾಗಿಲ ಹಲಗೆಯನ್ನು ಬಳಸುವಾಗ ಮೊಳೆ ಕೀಳುವುದೇ ಅರ್ಧ ಕೆಲಸ. ತಲೆ ಮುರಿದು ಒಳಗುಳಿದ ಮೊಳೆ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ, ರಂದಾ ಹಾಕುವ ಮುನ್ನ ಹಲಗೆಯ ಉದ್ದಕ್ಕೂ ಅಯಸ್ಕಾಂತವನ್ನು ನಿಧಾನವಾಗಿ ಆಡಿಸಿ, ಎಳೆತ ಕಂಡಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಸುತ್ತಲೂ ಉಳಿಯಿಂದ ಬಿಡಿಸಿ ಇಕ್ಕಳದಿಂದ ಎಳೆಯಬೇಕು. ಹಲಗೆಯನ್ನು ಆಂಗಲ್‌ಗೆ ಕೆಳಗಿನಿಂದ ಬಿಗಿಯುವಾಗ, ಮರ ಮಳೆಗಾಲದಲ್ಲಿ ಅಡ್ಡಕ್ಕೆ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ ಎಂಬುದನ್ನು ನೆನಪಿನಲ್ಲಿಟ್ಟು, ಆಂಗಲ್‌ನ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಸ್ವಲ್ಪ ಉದ್ದುದ್ದ ಮಾಡಿಕೊಳ್ಳಬೇಕು. ಮೇಜಿನ ಹಿಂದಿನ ಗೋಡೆಗೆ ಅಕ್ಕಿ ಗಿರಣಿಯ ಸವೆದ ಜರಡಿ ತಗಡನ್ನು ಎರಡು ಮರದ ಪಟ್ಟಿಗಳ ಮೇಲೆ ಹೊಡೆದು, ಅದರ ತೂತುಗಳಿಗೆ ತಂತಿಯ ಕೊಕ್ಕೆ ಸಿಕ್ಕಿಸಿದರೆ ಹತ್ಯಾರ ತೂಗುಹಾಕಲು ಅದಕ್ಕಿಂತ ಅಗ್ಗದ ಹಲಗೆ ಇನ್ನೊಂದಿಲ್ಲ.

ಕೆಲಸದ ತುಂಡನ್ನು ಬಿಗಿಹಿಡಿಯುವ ಹಳೆಯ ವೈಸ್ ಕೊಳ್ಳುವಾಗ ತುಕ್ಕಿಗೆ ಹೆದರಬೇಕಾಗಿಲ್ಲ, ಬಿರುಕಿಗೆ ಹೆದರಬೇಕು. ಅದರ ಮೈ ಬಹುಪಾಲು ಬೀಡು ಕಬ್ಬಿಣದ್ದಾಗಿರುತ್ತದೆ, ಸಾಮಾನ್ಯ ವೆಲ್ಡಿಂಗ್ ಕಡ್ಡಿಯಿಂದ ಬೆಸೆದರೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಗಂಟೆಯಂತೆ ನುಡಿಯಬೇಕು, ಒಡಕು ದನಿ ಬಂದರೆ ಬಿಡಬೇಕು. ತುಕ್ಕು ತೆಗೆಯಲು ಪ್ಲಾಸ್ಟಿಕ್ ಬಕೆಟ್‌ನಲ್ಲಿ ಪ್ರತಿ ನಾಲ್ಕೈದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ, ಹಳೆಯ ಮಾದರಿಯ 12 ವೋಲ್ಟ್ ಬ್ಯಾಟರಿ ಚಾರ್ಜರ್‌ನ ಋಣ ತಂತಿಯನ್ನು ಹತ್ಯಾರಕ್ಕೂ ಧನ ತಂತಿಯನ್ನು ಬೇಡವಾದ ಕಬ್ಬಿಣದ ತುಂಡಿಗೂ ಸಿಕ್ಕಿಸಿ, ಎರಡೂ ಒಂದಕ್ಕೊಂದು ತಾಗದಂತೆ ಮುಳುಗಿಸಬೇಕು. ತಂತಿಗಳು ಅದಲುಬದಲಾದರೆ ಕರಗುವುದು ಹತ್ಯಾರವೇ. ಧನ ಬದಿಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೆ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ, ಸೋಡಾದ ಬದಲು ಉಪ್ಪು ಹಾಕಿದರೆ ಕ್ಲೋರಿನ್ ಏಳುತ್ತದೆ, ಆದ್ದರಿಂದ ಇವೆರಡನ್ನೂ ಮಾಡಬಾರದು. ಹತ್ಯಾರದಿಂದ ಏಳುವ ಗುಳ್ಳೆ ಜಲಜನಕವಾದ್ದರಿಂದ ಬಕೆಟ್ ಬಯಲಿನಲ್ಲಿರಲಿ, ಹತ್ತಿರ ಬೀಡಿ ಹಚ್ಚುವವರು ಇರದಿರಲಿ. ಕೈ ಹಾಕುವ ಮುನ್ನ ಚಾರ್ಜರ್ ಆರಿಸಬೇಕು. ರಾತ್ರಿ ಕಳೆಯುವಷ್ಟರಲ್ಲಿ ತುಕ್ಕು ಕಪ್ಪು ಕೆಸರಾಗಿ ಬಿಡುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ, ತೊಳೆದು, ಬಿಸಿಲಿಗೆ ಒಣಗಿಸಿ ಕೂಡಲೇ ಎಣ್ಣೆ ಸವರದಿದ್ದರೆ ಗಂಟೆಯೊಳಗೆ ಹೊಸ ತುಕ್ಕು ಹತ್ತುತ್ತದೆ. ಸಣ್ಣಪುಟ್ಟ ಹತ್ಯಾರಗಳಿಗೆ ಇಷ್ಟೆಲ್ಲ ಬೇಡ, ನಿಂಬೆ ಉಪ್ಪಿನ ನೀರಿನಲ್ಲಿ ಒಂದು ರಾತ್ರಿ ನೆನೆಸಿದರೆ ಸಾಕು.

ಕಮಾನುಪಟ್ಟಿಯಿಂದ ದಪ್ಪ ಉಳಿ ಮಾಡುವುದು ಈ ಕಾರ್ಯಾಗಾರದ ನಿಜವಾದ ಪರೀಕ್ಷೆ. ಲಾರಿ ಪಟ್ಟಿಯ ಉಕ್ಕಿನಲ್ಲಿ ಸಾಮಾನ್ಯವಾಗಿ ಶೇ. 0.5ರಿಂದ 0.6ರಷ್ಟು ಇಂಗಾಲವಿರುತ್ತದೆ, ಮರದಲ್ಲಿ ತೂತು ಹೊಡೆಯುವ ಉಳಿಗೆ ಅಷ್ಟು ಸಾಕು. ಆದರೆ ಅದಿರಿನ ಭಾರ ಹೊತ್ತ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ಪಟ್ಟಿಯನ್ನು ಶುಚಿಗೊಳಿಸಿ, ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಬೇಕು. ಬಿರುಕಿದ್ದರೆ ಒಳಗಿದ್ದ ಎಣ್ಣೆ ಪುಡಿಗೆ ಹತ್ತಿ ಸಣ್ಣ ಗೆರೆ ಮೂಡುತ್ತದೆ. ಆ ಭಾಗವನ್ನು ಬಿಟ್ಟು ಉಳಿದದ್ದನ್ನು ಆರಿಸಿಕೊಳ್ಳಬೇಕು.

ಕುಲುಮೆಗೆ ಲಾರಿಯ ಹಳೆಯ ಬ್ರೇಕ್ ಡ್ರಮ್ ತಕ್ಕದ್ದು. ಅದರೊಳಗಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಊದದೆ, ಗುಡಿಸದೆ, ಮೊದಲು ನೀರಿನಿಂದ ತೊಳೆಯಬೇಕು. ತಳದ ತೂತಿಗೆ ಲೇಪವಿಲ್ಲದ ಕಬ್ಬಿಣದ ಪೈಪ್ ಜೋಡಿಸಿ ಬ್ಲೋವರ್ ಗಾಳಿ ಹಾಯಿಸಿ, ಬಳ್ಳಾರಿ ಜಾಲಿಯ ಇದ್ದಿಲು ತುಂಬಿದರೆ ಉಕ್ಕು ಕೆಂಪಾಗಲು ಬೇಕಾದ ಕಾವು ಸಿಗುತ್ತದೆ. ಮೊದಲು ಪಟ್ಟಿಯನ್ನು ಚೆನ್ನಾಗಿ ಕೆಂಪಗೆ ಕಾಯಿಸಿ ಒಣ ಬೂದಿಯಲ್ಲಿ ಹೂತು ಬೆಳಗಿನವರೆಗೆ ಬಿಡಬೇಕು. ಹೀಗೆ ಮೆತ್ತಗಾದ ಉಕ್ಕನ್ನು ಅರದಿಂದಲೂ ರೂಪಿಸಬಹುದು. ಗ್ರೈಂಡರ್ ಬಳಸುವವರು ಡಿಸ್ಕ್‌ನ ಮೇಲೆ ಬರೆದ ಗರಿಷ್ಠ ವೇಗ ಯಂತ್ರದ ವೇಗಕ್ಕಿಂತ ಕಡಿಮೆಯಿರದಂತೆ ನೋಡಿಕೊಂಡು, ಮುಗಿದ ಅವಧಿಯ ಡಿಸ್ಕ್ ಹಾಕದೆ, ಗಾರ್ಡ್ ಬಿಚ್ಚದೆ, ಕನ್ನಡಕ ಧರಿಸಿಯೇ ಕೆಲಸಕ್ಕಿಳಿಯಬೇಕು. ಗಾರ್ಡ್ ಬಿಚ್ಚಿ ಚಪ್ಪಲಿ ಕಾಲಿನಲ್ಲಿ ಕತ್ತರಿಸುವ ನಮ್ಮ ಕಡೆಯ ರೂಢಿಗೆ ಯಾವ ಸಮರ್ಥನೆಯೂ ಇಲ್ಲ. ಉಳಿಯ ಬಾಯಿಯ ಕೋನವನ್ನು 25ರಿಂದ 30 ಡಿಗ್ರಿಗೆ ತಂದು, ಅಂಚನ್ನು ಈಗಲೇ ಪೂರ್ತಿ ಹರಿತ ಮಾಡದೆ ಒಂದು ಮಿಲಿಮೀಟರ್ ದಪ್ಪ ಉಳಿಸಬೇಕು. ತೆಳ್ಳನೆಯ ಅಂಚು ಬೆಂಕಿಯಲ್ಲಿ ಸುಟ್ಟು, ಎಣ್ಣೆಯಲ್ಲಿ ಬಿರಿಯುತ್ತದೆ.

ಹದ ಹಾಕುವುದನ್ನು, ಅಂದರೆ ಉಕ್ಕನ್ನು ಕಾಯಿಸಿ ತಣಿಸಿ ಗಡಸು ಮಾಡುವುದನ್ನು, ಮಬ್ಬು ಬೆಳಕಿನಲ್ಲಿ ಮಾಡಬೇಕು, ಬಿಸಿಲಿನಲ್ಲಿ ಕೆಂಪಿನ ಛಾಯೆ ತಿಳಿಯುವುದಿಲ್ಲ. ಬಾಯಿಯಿಂದ ಮೂರು ಬೆರಳು ಅಗಲದಷ್ಟು ಭಾಗವನ್ನು ಕಾಯಿಸುತ್ತ ನಡುನಡುವೆ ಅಯಸ್ಕಾಂತ ತಾಗಿಸಿ ನೋಡಬೇಕು. ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಇನ್ನೊಂದು ಛಾಯೆ ಮೇಲೆ ಹೋದ ಕೂಡಲೇ, ಉಗುರು ಬಿಸಿಗಿಂತ ತುಸು ಹೆಚ್ಚು ಕಾದ ಶೇಂಗಾ ಎಣ್ಣೆಯಲ್ಲಿ ನೆಟ್ಟಗೆ ಅದ್ದಿ ಮೇಲೆ ಕೆಳಗೆ ಆಡಿಸಬೇಕು. ನೀರಿನಲ್ಲಿ ಅದ್ದಿದರೆ ಈ ಉಕ್ಕು ಬಿರಿಯುವ ಸಂಭವ ಹೆಚ್ಚು. ಎಣ್ಣೆಯ ಪಾತ್ರೆ ಕಬ್ಬಿಣದ್ದಾಗಿರಲಿ, ಉರಿ ಹತ್ತಿದರೆ ಮುಚ್ಚಲು ತಗಡಿನ ಮುಚ್ಚಳ ಪಕ್ಕದಲ್ಲಿರಲಿ. ತಣಿದ ಮೇಲೆ ಬಾಯಿಯ ಮೇಲೆ ಅರ ಜಾರಿದರೆ ಉಕ್ಕು ಗಡಸಾಗಿದೆ, ಜೊತೆಗೆ ಗಾಜಿನಂತೆ ಒಡೆಯುವ ಸ್ಥಿತಿಯಲ್ಲೂ ಇದೆ. ಆದ್ದರಿಂದ ತಡಮಾಡದೆ ಒಂದು ಬದಿಯನ್ನು ಎಮೆರಿ ಕಾಗದದಿಂದ ಬೆಳ್ಳಗೆ ಉಜ್ಜಿ, ಹಿಡಿಕೆ ಬರುವ ತುದಿಯಿಂದ ನಿಧಾನವಾಗಿ ಕಾಯಿಸಬೇಕು. ಬಣ್ಣಗಳು ಬಾಯಿಯ ಕಡೆಗೆ ಸಾಲಾಗಿ ಹರಿದು ಬರುತ್ತವೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಮರದ ಉಳಿಗೆ ಬಾಯಿಯ ತುದಿ ಒಣಹುಲ್ಲಿನ ಬಣ್ಣಕ್ಕೆ, ಅಂದರೆ ಸುಮಾರು 220ರಿಂದ 230 ಡಿಗ್ರಿಗೆ, ಬಂದೊಡನೆ ತಣ್ಣೀರಿಗೆ ಹಾಕಿ ನಿಲ್ಲಿಸಬೇಕು. ಕೊಡಲಿ, ಬಾಚಿಯಂಥ ಪೆಟ್ಟು ತಿನ್ನುವ ಹತ್ಯಾರಕ್ಕಾದರೆ ನೇರಳೆಯವರೆಗೆ ಬಿಡಬಹುದು.

ಹಿಡಿಕೆಗೆ ಕರಿಜಾಲಿ ಮರವೇ ಲೇಸು. ಮರದ ಎಳೆಗಳು ಹಿಡಿಕೆಯ ಉದ್ದಕ್ಕೆ ಹೋಗುವಂತೆ ಸೀಳಿಕೊಂಡು, ಸುತ್ತಿಗೆಯ ಪೆಟ್ಟಿಗೆ ಸೀಳದಿರಲು ಬುಡಕ್ಕೂ ತಲೆಗೂ ಪೈಪಿನಿಂದ ಕೊಯ್ದ ಬಳೆ ತೊಡಿಸಬೇಕು. ಸಾಣೆಗೆ ಪ್ರತ್ಯೇಕ ಕಲ್ಲು ಕೊಳ್ಳುವ ಅಗತ್ಯವಿಲ್ಲ, ಅಡುಗೆಮನೆಯ ಕಟ್ಟೆಗೆ ಹಾಕಿ ಉಳಿದ ಪಾಲಿಶ್ ಮಾಡಿದ ಗ್ರಾನೈಟ್ ತುಂಡಿನ ಮೇಲೆ ನೀರಿನ ಎಮೆರಿ ಕಾಗದ ಹರಡಿ, ಒರಟಿನಿಂದ ನುಣುಪಿಗೆ ಸಾಗಿದರೆ ಸಾಕು. ಉಳಿಯ ಹಿಂಬದಿ ಕನ್ನಡಿಯಂತೆ ಸಮತಟ್ಟಾಗುವವರೆಗೆ ಮುಂಬದಿಯನ್ನು ಮುಟ್ಟಬಾರದು.

ಮೊದಲ ತೂತನ್ನು ಬೇವಿನ ತುಂಡಿನಲ್ಲಿ ಹೊಡೆದು ಬಾಯಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಅಂಚು ಮಡಚಿದ್ದರೆ ಉಕ್ಕು ಮೆತ್ತಗಿದೆ ಎಂದರ್ಥ, ಮತ್ತೆ ಕಾಯಿಸಿ ಎಣ್ಣೆಗೆ ಅದ್ದುವಲ್ಲಿಂದ ಶುರುಮಾಡಬೇಕು. ಅಂಚು ಚಕ್ಕೆಯೆದ್ದಿದ್ದರೆ ಗಡಸು ಹೆಚ್ಚಾಗಿದೆ, ಚಕ್ಕೆ ಎದ್ದಷ್ಟು ಭಾಗವನ್ನು ಸಾಣೆಯಲ್ಲಿ ತೆಗೆದು, ಈ ಬಾರಿ ಒಣಹುಲ್ಲಿನ ಬಣ್ಣದಲ್ಲಿ ನಿಲ್ಲಿಸದೆ ಕಂದು ಬರುವವರೆಗೆ ಹದ ಇಳಿಸಬೇಕು.