ಸಿಬಿಲ್ ಸ್ಕೋರ್ ಬಿದ್ದಿದೆಯಾ? ಎಫ್‌ಡಿ ಮೇಲೆ ಕಾರ್ಡ್ ತಗೊಂಡು ಹೀಗೆ ಮೇಲೆತ್ತಿ

ನನ್ನ ಗೆಳೆಯರೊಬ್ಬರ ಗೃಹಸಾಲದ ಅರ್ಜಿ ಬ್ಯಾಂಕಿನಿಂದ ವಾಪಸ್ ಬಂತು. ಸಂಬಳಕ್ಕೆ ಕೊರತೆ ಇರಲಿಲ್ಲ, ಕಾಗದಪತ್ರವೂ ಸರಿಯಿತ್ತು. ಸಾಲ, ಬಾಕಿ ಹೇಗೆ ಕಟ್ಟುತ್ತೇವೆ ಎಂಬುದಕ್ಕೆ ಸಿಗುವ ಅಂಕ, ಅಂದರೆ ಸಿಬಿಲ್ ಸ್ಕೋರ್ ಮಾತ್ರ 612. ಇಬ್ಬರೂ ಕೂತು ಅವರ ಕ್ರೆಡಿಟ್ ರಿಪೋರ್ಟ್ ತೆರೆದು ನೋಡಿದೆವು. ಎರಡು ವರ್ಷದ ಹಿಂದೆ ಮನೆ ಬದಲಿಸುವಾಗ ಅವರು ಮರೆತೇಬಿಟ್ಟಿದ್ದ ಒಂದು ಕ್ರೆಡಿಟ್ ಕಾರ್ಡ್ ಅದರಲ್ಲಿತ್ತು. ಬಾಕಿ ಇದ್ದದ್ದು 499 ರೂಪಾಯಿ ವಾರ್ಷಿಕ ಶುಲ್ಕ, ಅಷ್ಟೇ. ಅದರ ಕೆಳಗೆ ತಿಂಗಳಿಗೊಂದರಂತೆ ಚೌಕಗಳು: 000, 000, ಆಮೇಲೆ 028, 059, 090. ಕಟ್ಟಬೇಕಾದ ದಿನ ದಾಟಿ ಎಷ್ಟು ದಿನವಾಯಿತು ಎಂಬುದರ ಲೆಕ್ಕ ಅದು.

ಬಾಕಿ ಎಷ್ಟು ಚಿಕ್ಕದು ಅಂತ ಆ ಚೌಕ ಹೇಳುವುದಿಲ್ಲ. ಎಷ್ಟು ದಿನ ತಡ ಅಂತ ಮಾತ್ರ ಹೇಳುತ್ತದೆ. ಸ್ಕೋರ್ ಸರಿಮಾಡಿಕೊಳ್ಳಲು ಹೊರಟವರು ಮೊದಲು ಇದನ್ನು ತಿಳಿದುಕೊಳ್ಳಬೇಕು. ಜಾಸ್ತಿ ಖರ್ಚು ಮಾಡಿ ಜಾಸ್ತಿ ಕಟ್ಟಿದರೆ ಸ್ಕೋರ್ ಏರುತ್ತದೆ ಎಂದುಕೊಂಡವರು ಬಹಳ ಜನ. ಹಾಗೇನೂ ಇಲ್ಲ. ಸಣ್ಣ ಮೊತ್ತವನ್ನೇ ಪ್ರತಿ ತಿಂಗಳು ತಪ್ಪದೆ ಕಟ್ಟಿದರೂ ಸಾಕು.

ಮೊದಲು ರಿಪೋರ್ಟ್ ಓದಿ

ನಮ್ಮ ದೇಶದಲ್ಲಿ ಈ ಲೆಕ್ಕ ಇಡುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ನಾಲ್ಕೂ ಕಂಪನಿಗಳು ಉಚಿತವಾಗಿ ಕೊಡಲೇಬೇಕು. ಇದು ಆರ್‌ಬಿಐ ನಿಯಮ. ಅವರವರ ವೆಬ್‌ಸೈಟಿನಿಂದಲೇ ತೆಗೆದುಕೊಳ್ಳಿ. ನಮ್ಮ ರಿಪೋರ್ಟ್ ನಾವೇ ನೋಡಿದರೆ ಸ್ಕೋರ್ ಇಳಿಯುತ್ತದೆ ಎಂಬ ಭಯ ಬೇಡ, ಇಳಿಯುವುದಿಲ್ಲ.

ಸಿಬಿಲ್ ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. ಸಾಮಾನ್ಯವಾಗಿ 750 ದಾಟಿದವರಿಗೆ ಸಾಲ ಸುಲಭ. ಆದರೆ ಸ್ಕೋರ್ ನೋಡಿ ಅಲ್ಲಿಗೇ ನಿಲ್ಲಬೇಡಿ. ನಿಮ್ಮದಲ್ಲದ ಸಾಲ ಸೇರಿದೆಯಾ? ತೀರಿಸಿದ ಸಾಲ ಇನ್ನೂ ಬಾಕಿ ಅಂತ ತೋರಿಸುತ್ತಿದೆಯಾ? ಒಂದೊಂದು ಸಾಲನ್ನೂ ನೋಡಿ. ತಪ್ಪಿದ್ದರೆ ಆನ್‌ಲೈನಿನಲ್ಲೇ ದೂರು ಕೊಡಿ. 30 ದಿನದೊಳಗೆ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಪಡೆಯುವ ಹಕ್ಕು ನಿಮಗಿದೆ. ಅದಕ್ಕೂ ಜಗ್ಗದಿದ್ದರೆ ಇಂಥ ದೂರು ವಿಚಾರಿಸಲೆಂದೇ ಆರ್‌ಬಿಐ ಒಂಬುಡ್ಸ್‌ಮನ್ ಇದ್ದಾರೆ. ಈ ದೂರಿಗೆ ಶುಲ್ಕವಿಲ್ಲ. ‘ದುಡ್ಡು ಕೊಡಿ, ವಾರದಲ್ಲಿ ಸ್ಕೋರ್ ಏರಿಸಿಕೊಡ್ತೀವಿ’ ಎನ್ನುವವರಿಗೆ ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. ನಿಜವಾದ ಬಾಕಿಯ ದಾಖಲೆಯನ್ನು ಅವರು ಯಾರೂ ಅಳಿಸಲಾರರು.

ಹಳೆ ಬಾಕಿ: ‘ಸೆಟ್ಲ್’ ಮಾಡುವ ಮುನ್ನ ಯೋಚಿಸಿ

‘40 ಸಾವಿರ ಬಾಕಿ ಇದೆ, 18 ಸಾವಿರ ಕಟ್ಟಿ ಮುಗಿಸಿಕೊಳ್ಳಿ’ ಅಂತ ಫೋನ್ ಬರುತ್ತದೆ. ಕೇಳುವುದಕ್ಕೆ ಹಿತವಾಗಿರುತ್ತದೆ. ಆದರೆ ರಿಪೋರ್ಟಿನಲ್ಲಿ ಆ ಖಾತೆ ‘ಕ್ಲೋಸ್ಡ್’ ಆಗುವುದಿಲ್ಲ, ‘ಸೆಟಲ್ಡ್’ ಆಗುತ್ತದೆ. ಬ್ಯಾಂಕು ನಷ್ಟ ಮಾಡಿಕೊಂಡಿದೆ ಎಂದು ಇದರರ್ಥ. ಮುಂದೆ ಸಾಲ ಕೊಡುವವರ ಕಣ್ಣು ಮೊದಲು ಬೀಳುವುದೇ ಆ ಪದದ ಮೇಲೆ, ಅದು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಸಾಧ್ಯವಿದ್ದರೆ ಪೂರ್ತಿ ಕಟ್ಟಿ, ಬಾಕಿ ಇಲ್ಲ ಎಂಬ ಪತ್ರ ಕೇಳಿ ಪಡೆದು ಜೋಪಾನವಾಗಿಡಿ. ಪೂರ್ತಿ ಕಟ್ಟುವ ಶಕ್ತಿ ಸದ್ಯಕ್ಕೆ ಇಲ್ಲವೆಂದರೆ, ಕಂತಿನಲ್ಲಿ ಪೂರ್ತಿ ತೀರಿಸಲು ಅವಕಾಶ ಕೊಡುತ್ತೀರಾ ಎಂದು ಬರವಣಿಗೆಯಲ್ಲಿ ಕೇಳಿ.

ಎಫ್‌ಡಿ ಮೇಲೆ ಕಾರ್ಡ್

ಸ್ಕೋರ್ ಕಡಿಮೆ ಇರುವಾಗ ಮಾಮೂಲಿ ಕಾರ್ಡಿಗೆ ನಾಲ್ಕಾರು ಕಡೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಗೂ ಬ್ಯಾಂಕು ನಿಮ್ಮ ರಿಪೋರ್ಟ್ ತರಿಸಿ ನೋಡುತ್ತದೆ, ಅದು ದಾಖಲಾಗುತ್ತದೆ. ಸಾಲಕ್ಕಾಗಿ ಒದ್ದಾಡುತ್ತಿದ್ದಾರೆ ಎಂದು ಕಾಣುತ್ತದೆ, ಸ್ಕೋರ್ ಇನ್ನಷ್ಟು ಇಳಿಯುತ್ತದೆ.

ಅದರ ಬದಲು ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡ್ ಕೇಳಿ. ಠೇವಣಿಯೇ ಜಾಮೀನು, ಹಾಗಾಗಿ ಸ್ಕೋರ್ ನೋಡಿ ತಿರಸ್ಕರಿಸುವುದು ಕಡಿಮೆ. 25,000 ರೂಪಾಯಿ ಇಟ್ಟು ಶೇ 80ರಷ್ಟು ಲಿಮಿಟ್ ಸಿಕ್ಕಿತು ಅಂದುಕೊಳ್ಳಿ, ಕಾರ್ಡಿನ ಲಿಮಿಟ್ 20,000. ಎಫ್‌ಡಿಗೆ ಬಡ್ಡಿ ಎಂದಿನಂತೆ ಬರುತ್ತದೆ. ಕಾರ್ಡ್ ಇರುವವರೆಗೆ ಅದನ್ನು ಮುರಿಸಲಾಗದು, ನೀವು ಕಟ್ಟದಿದ್ದರೆ ಬ್ಯಾಂಕು ಅದರಿಂದಲೇ ಹಿಡಿದುಕೊಳ್ಳುತ್ತದೆ. ಹಾಗಾಗಿ ತುರ್ತಿಗೆ ಬೇಕಾಗುವ ಹಣವನ್ನು ಇದಕ್ಕೆ ಹಾಕಬೇಡಿ. ಡೆಬಿಟ್ ಕಾರ್ಡ್, ಪ್ರಿಪೇಯ್ಡ್ ಕಾರ್ಡ್ ಎಷ್ಟು ಬಳಸಿದರೂ ಸ್ಕೋರಿಗೆ ಉಪಯೋಗವಿಲ್ಲ, ಅಲ್ಲಿ ಸಾಲವೇ ಇರುವುದಿಲ್ಲ ಅಲ್ವಾ.

ಬಳಸುವ ರೀತಿ

ಮುಖ್ಯವಾದದ್ದು ಇದೇ. ಹೇಗಿದ್ದರೂ ಆಗುವ ಒಂದೋ ಎರಡೋ ಖರ್ಚನ್ನು ಮಾತ್ರ ಈ ಕಾರ್ಡಿಗೆ ಹಾಕಿ. ಮೊಬೈಲ್ ರೀಚಾರ್ಜ್, ಕರೆಂಟ್ ಬಿಲ್ ಸಾಕು. ಬಾಕಿ ಲಿಮಿಟ್‌ನ ಶೇ 30 ದಾಟದಿರಲಿ ಎನ್ನುವುದು ರೂಢಿಯ ಮಾತು. ನಮ್ಮ ಲೆಕ್ಕದಲ್ಲಿ ಅದು 6,000 ರೂಪಾಯಿ. ಇಲ್ಲಿ ತುಂಬಾ ಜನ ಎಡವುತ್ತಾರೆ. 16,000 ಖರ್ಚು ಮಾಡಿ ಡ್ಯೂ ಡೇಟಿಗೆ ಸರಿಯಾಗಿ ಪೂರ್ತಿ ಕಟ್ಟುತ್ತಾರೆ, ಆದರೂ ಸ್ಕೋರ್ ಏರುವುದಿಲ್ಲ. ಯಾಕೆಂದರೆ ಬ್ಯಾಂಕು ಮಾಹಿತಿ ಕಳಿಸುವ ದಿನ ಎಷ್ಟು ಬಾಕಿ ಇತ್ತೋ ಅದೇ ದಾಖಲಾಗುತ್ತದೆ. ನೀವು ಆಮೇಲೆ ಪೂರ್ತಿ ಕಟ್ಟಿದರೂ ಆ ದಿನದ ಲೆಕ್ಕದಲ್ಲಿ ಶೇ 80 ಬಳಕೆ. ಈ ಮಾಹಿತಿ ಕನಿಷ್ಠ 15 ದಿನಕ್ಕೊಮ್ಮೆ ಹೋಗಬೇಕು ಎಂಬ ನಿಯಮ 2025ರ ಜನವರಿಯಲ್ಲಿ ಜಾರಿಗೆ ಬಂತು. ದೊಡ್ಡ ಖರ್ಚಾದರೆ ಬಿಲ್ ಬರುವವರೆಗೆ ಕಾಯದೆ ಆ ವಾರವೇ ಕಟ್ಟಿಬಿಡಿ.

ಬಿಲ್ಲಿನ ಪೂರ್ತಿ ಮೊತ್ತಕ್ಕೆ ಆಟೋ ಪೇ ಹಾಕಿ. ‘ಮಿನಿಮಮ್ ಡ್ಯೂ’, ಅಂದರೆ ಕನಿಷ್ಠ ಮೊತ್ತವಷ್ಟೇ ಕಟ್ಟುವ ಆಯ್ಕೆ ಮಾಡಿಕೊಳ್ಳಬೇಡಿ. 20,000 ಬಾಕಿ, ತಿಂಗಳ ಬಡ್ಡಿ ಶೇ 3.5 ಅಂದುಕೊಳ್ಳಿ. ಬಡ್ಡಿ 700, ಅದರ ಮೇಲೆ ಶೇ 18 ಜಿಎಸ್‌ಟಿ 126, ಒಟ್ಟು 826. ಮಿನಿಮಮ್ ಅಂತ 1,000 ಕಟ್ಟಿದರೆ ಸಾಲ ಇಳಿಯುವುದು ಬರೀ 174 ರೂಪಾಯಿ! ಚೌಕದಲ್ಲಿ 000 ಬರಬಹುದು, ಆದರೆ ಬಾಕಿ ಹಾಗೇ ಉಳಿಯುತ್ತದೆ. ಎಟಿಎಂನಲ್ಲಿ ಈ ಕಾರ್ಡ್‌ನಿಂದ ನಗದು ತೆಗೆಯುವುದಂತೂ ಬೇಡವೇ ಬೇಡ, ತೆಗೆದ ದಿನದಿಂದಲೇ ಬಡ್ಡಿ ಶುರು.

ಅಕಸ್ಮಾತ್ ಡ್ಯೂ ಡೇಟ್ ತಪ್ಪಿತು ಅಂದರೆ ಗಾಬರಿಯಾಗಿ ಕೈಚೆಲ್ಲಬೇಡಿ. ಮೂರು ದಿನ ದಾಟಿದ ಮೇಲಷ್ಟೇ ಬ್ಯಾಂಕು ‘ಬಾಕಿ’ ಎಂದು ವರದಿ ಮಾಡಬಹುದು, ತಡಪಾವತಿ ದಂಡ ಹಾಕಬಹುದು. ಆ ಮೂರು ದಿನದೊಳಗೆ ಕಟ್ಟಿ.

ಎಷ್ಟು ದಿನ ಕಾಯಬೇಕು?

ಆರು ತಿಂಗಳು ಹೀಗೆ ನಡೆಸಿದ ಮೇಲೆ ರಿಪೋರ್ಟ್ ಮತ್ತೆ ನೋಡಿ. ವರ್ಷ ತುಂಬಿದ ಮೇಲೆ ಎಫ್‌ಡಿ ಇಲ್ಲದ ಕಾರ್ಡ್ ಕೊಡುತ್ತೀರಾ ಎಂದು ಅದೇ ಬ್ಯಾಂಕಿನಲ್ಲಿ ಕೇಳಬಹುದು. ಅದು ಕೈಗೆ ಬರುವವರೆಗೆ ಹಳೆಯದನ್ನು ಮುಚ್ಚಿಸಬೇಡಿ. ಮುಚ್ಚಿಸುವಾಗ ಬಾಕಿ ಸೊನ್ನೆ ಇರಬೇಕು, ಅರ್ಜಿ ಕೊಟ್ಟ ಏಳು ಕೆಲಸದ ದಿನದೊಳಗೆ ಬ್ಯಾಂಕು ಮುಚ್ಚಬೇಕು. ಮುಚ್ಚಿದ್ದಕ್ಕೆ ಇಮೇಲ್ ಅಥವಾ ಪತ್ರ ಬಂದಿದೆಯಾ ನೋಡಿಕೊಳ್ಳಿ. ನನ್ನ ಗೆಳೆಯರಿಗೆ ಕಷ್ಟ ಬಂದದ್ದೇ ಹಾಗೆ ಮುಚ್ಚಿಸದೆ ಬಿಟ್ಟ ಕಾರ್ಡಿನಿಂದ.

ಸಿಬಿಲ್ ರಿಪೋರ್ಟಿನಲ್ಲಿ ಕಾಣುವುದು ಹೆಚ್ಚೆಂದರೆ 36 ತಿಂಗಳ ಚೌಕಗಳು. ಗೆಳೆಯರು ಹಳೆ ಬಾಕಿ ತೀರಿಸಿ ಎಫ್‌ಡಿ ಕಾರ್ಡ್ ಹಿಡಿದು ಹನ್ನೊಂದು ತಿಂಗಳಾಯಿತು. ಹೊಸ ಸಾಲಿನಲ್ಲಿ ಹನ್ನೊಂದು 000 ಕೂತಿವೆ. ಹಳೆ ಕಾರ್ಡಿನ ಆ 090 ಇನ್ನೂ ಅಲ್ಲೇ ಇದೆ. ಸ್ಕೋರ್ ಮೊನ್ನೆ 700 ದಾಟಿತು.